ಕ್ಯಾಮರಾಕ್ಕೆ ಮೂರು ಕಾಲು

ನಮ್ಮ ಮೇಜಿನ ಖಾನೆಯಲ್ಲಿ ಒಂದು ಛಾಯಾಚಿತ್ರವಿದೆ. ಅದನ್ನು ಗೋಡೆಗೆ ತೂಗಹಾಕುವಂತಿಲ್ಲ. ಹರಿದೆಸೆಯಲು ಮನಸ್ಸೂ ಬಾರದು. ಬಹುಕಾಲ ನಮ್ಮ ಶಾಲೆಯ ಗಂಟೆ ಬಾರಿಸಿ, ಕೊಠಡಿಗಳನ್ನು ಗುಡಿಸಿ, ಆಡುವಾಗ ಬಿದ್ದ ಮಕ್ಕಳ ಮಂಡಿಗೆ ಅರಿಶಿನ ಹಚ್ಚಿದ ಆಯಮ್ಮನವರು ಕೆಲಸದಿಂದ ನಿವೃತ್ತರಾದ ದಿನ ತೆಗೆದ ಚಿತ್ರ ಅದು. ಸಂಜೆಯ ಹೊತ್ತು, ಹೊರಗೆ ಮೋಡ ಕವಿದಿತ್ತು, ಸಭಾಂಗಣದಲ್ಲಿ ಎರಡೇ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಮುಖ್ಯೋಪಾಧ್ಯಾಯರು ಹಾರ ಹಾಕಿದರು. ನಾವು ಹಿಂದಿನ ಸಾಲಿನಲ್ಲಿ ನಿಂತು, ನಮ್ಮ ಪುಟ್ಟ ಕ್ಯಾಮರಾದ ಜೂಮನ್ನು ಪೂರ್ತಿ ಮುಂದಕ್ಕೆ ಚಾಚಿ, ಗುಂಡಿ ಒತ್ತಿದೆವು. ಅದರ ಹಿಂಬದಿಯ ಪರದೆಯಲ್ಲಿ ಚಿತ್ರವು ಚೆನ್ನಾಗಿಯೇ ಕಂಡಿತು. ದೊಡ್ಡದಾಗಿ ಮುದ್ರಿಸಿ ತಂದಾಗ ಮಾತ್ರ ಕಣ್ಣು ನಾಲ್ಕಾಗಿ, ಮೂಗು ಎರಡಾಗಿ, ಮುಖವೆಲ್ಲ ಕದಡಿದ ನೀರಿನಂತಾಗಿತ್ತು. ಬೇರೆ ಚಿತ್ರವಿರಲಿಲ್ಲ. ನಾಚಿಕೆಯಿಂದಲೇ ಅದನ್ನು ಅವರಿಗೆ ತೋರಿಸಿದೆವು. ಅವರು ಹೊಸೂರಿನ ಕಡೆಯವರು, ನೇರ ಮಾತಿನವರು. ಬಹಳ ಹೊತ್ತು ನೋಡಿ, “ಸೀರೆ ಐತೆ, ಹಾರ ಐತೆ. ನನ್ನ ಮೊಕ ಎಲ್ಲೈತೆ ಮೇಷ್ಟ್ರೇ?” ಎಂದು ಕೇಳಿದರು.

ಆ ದಿನ ನಾವು ಕ್ಯಾಮರಾವನ್ನು ಶಪಿಸುತ್ತ ವೆಸ್ಟ್ ಮಾಂಬಲದ ನಮ್ಮ ಮನೆಗೆ ಹಿಂದಿರುಗಿದೆವು. ಆದರೆ ತಪ್ಪು ಕ್ಯಾಮರಾದ್ದಲ್ಲ. ಈ ಕಾಲದ ಕ್ಯಾಮರಾವು ತಾನು ತೆಗೆದ ಪ್ರತಿಯೊಂದು ಚಿತ್ರದ ಜೊತೆಗೆ ಅದರ ಜಾತಕವನ್ನೂ ಬರೆದಿಡುತ್ತದೆ. ಕಂಪ್ಯೂಟರಿನಲ್ಲಿ ಆ ಚಿತ್ರದ ವಿವರಗಳನ್ನು ತೆರೆದು ನೋಡಿದರೆ, ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಟ್ಟುಕೊಂಡಿತು ಎಂಬ ಲೆಕ್ಕ ಸಿಕ್ಕುತ್ತದೆ. ನಮ್ಮ ಚಿತ್ರದ ಲೆಕ್ಕ 1/8 ಸೆಕೆಂಡು ಎಂದಿತ್ತು. ಎಂಟನೆಯ ಒಂದು ಭಾಗವೆಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು, ಅದೇನು ಮಹಾ ಎಂದು ನಿಮಗನ್ನಿಸಬಹುದು. ನಮಗೂ ಹಾಗೆಯೇ ಅನ್ನಿಸಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಇದೇ ಕ್ಯಾಮರಾ 1/500 ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ. ಆಗ ಕೈ ನಡುಗಿದರೂ ಆ ನಡುಕವು ಚಿತ್ರದೊಳಗೆ ಬರಲು ಹೊತ್ತೇ ಇರುವುದಿಲ್ಲ. ಬೆಳಕು ಕಡಿಮೆಯಾದಂತೆ ಕ್ಯಾಮರಾವು ಹೆಚ್ಚು ಹೊತ್ತು ಕಣ್ಣು ತೆರೆದು ಕೂರಬೇಕಾಗುತ್ತದೆ. ಆ ಹೊತ್ತಿನಲ್ಲಿ ನಮ್ಮ ಉಸಿರು, ನಾಡಿ, ಗುಂಡಿಯನ್ನೊತ್ತುವ ಬೆರಳಿನ ಭಾರ ಇವೆಲ್ಲವೂ ಚಿತ್ರದಲ್ಲಿ ತಮ್ಮ ಸಹಿ ಹಾಕುತ್ತವೆ.

ಇದರ ಮೇಲೆ ನಾವು ಜೂಮನ್ನು ಬೇರೆ ಚಾಚಿದ್ದೆವು. ಅದರಿಂದಾದ ಕೇಡನ್ನು ತಿಳಿಯಲು ನೀವು ತರಗತಿಯಲ್ಲಿ ಮೇಷ್ಟರ ಕಣ್ಣು ತಪ್ಪಿಸಿ ಆಡುವ ಆಟವೊಂದು ಸಾಕು. ಸಣ್ಣ ಕನ್ನಡಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ಹತ್ತಿರದ ಗೋಡೆಯ ಮೇಲೆ ಬೆಳಕಿನ ಚುಕ್ಕೆಯನ್ನು ಬೀಳಿಸಿರಿ. ಅದು ಹೆಚ್ಚು ಕದಲುವುದಿಲ್ಲ. ಅದೇ ಚುಕ್ಕೆಯನ್ನು ದೂರದ ಗೋಡೆಗೆ ತಿರುಗಿಸಿರಿ. ಎಷ್ಟು ಬಿಗಿಯಾಗಿ ಹಿಡಿದರೂ ಹುಚ್ಚು ಹಿಡಿದಂತೆ ಕುಣಿಯುತ್ತದೆ. ಕೈಯ ನಡುಕ ಒಂದೇ. ದೂರ ಹೆಚ್ಚಿದಷ್ಟೂ ಅದು ದೊಡ್ಡದಾಗಿ ಕಾಣುತ್ತದೆ. ಜೂಮ್ ಮಾಡುವುದೆಂದರೆ ದೂರವನ್ನು ಹತ್ತಿರಕ್ಕೆ ತರುವುದಷ್ಟೇ ಅಲ್ಲ, ನಡುಕವನ್ನೂ ಹಿಗ್ಗಿಸುವುದು. ಸಾಲದುದಕ್ಕೆ, ಬಹುಮಟ್ಟಿನ ಸಣ್ಣ ಕ್ಯಾಮರಾಗಳಲ್ಲಿ ಜೂಮನ್ನು ಚಾಚಿದಂತೆ ಮಸೂರದ ಒಳಕ್ಕೆ ಬರುವ ಬೆಳಕೂ ಕಡಿಮೆಯಾಗುತ್ತದೆ. ಕೈಯಲ್ಲಿ ಹಿಡಿದು ತೆಗೆಯುವವರಿಗೆ ಹಳಬರು ಒಂದು ಅಂದಾಜನ್ನು ಹೇಳಿಕೊಟ್ಟಿದ್ದಾರೆ: ಮಸೂರವು 28 ಮಿಲಿಮೀಟರಿನ ಅಳತೆಯಲ್ಲಿದ್ದರೆ 1/30 ಸೆಕೆಂಡಿಗಿಂತ ನಿಧಾನವಾಗಬಾರದು, 140ಕ್ಕೆ ಚಾಚಿದ್ದರೆ 1/150ಕ್ಕಿಂತ ನಿಧಾನವಾಗಬಾರದು. ನಮ್ಮ 1/8 ಎಲ್ಲಿ, ಈ 1/150 ಎಲ್ಲಿ! ಕ್ಯಾಮರಾದೊಳಗಿನ ನಡುಕ ತಡೆಯುವ ಏರ್ಪಾಟು ಸ್ವಲ್ಪ ಸಹಾಯ ಮಾಡೀತು. ಅಷ್ಟು ದೊಡ್ಡ ಸಾಲವನ್ನು ಅದು ತೀರಿಸಲಾರದು.

ಛಾಯಾಚಿತ್ರ ಕಲೆ ಹುಟ್ಟಿದಾಗ ಈ ತೊಂದರೆ ಇರಲಿಲ್ಲ. ಏಕೆಂದರೆ ಕ್ಯಾಮರಾವನ್ನು ಕೈಯಲ್ಲಿ ಹಿಡಿಯುವ ಮಾತೇ ಇರಲಿಲ್ಲ. 1838ರಲ್ಲಿ ದಾಗೇರ್ ಎಂಬ ಫ್ರೆಂಚ್ ಮಹನೀಯನು ಪ್ಯಾರಿಸ್ ನಗರದ ಒಂದು ಹೆದ್ದಾರಿಯ ಚಿತ್ರ ತೆಗೆದನು. ಯಂತ್ರವು ಹಲವು ನಿಮಿಷ ಕಣ್ಣು ತೆರೆದುಕೊಂಡಿರಬೇಕಾಗಿತ್ತು. ಬೀದಿಯ ತುಂಬ ಓಡಾಡುತ್ತಿದ್ದ ಜನ, ಗಾಡಿ, ಕುದುರೆ ಎಲ್ಲವೂ ಚಿತ್ರದಿಂದ ಮಾಯವಾಗಿ, ಪಾದರಕ್ಷೆಗೆ ಪಾಲೀಷು ಹಾಕಿಸಿಕೊಳ್ಳುತ್ತ ಒಂದೆಡೆ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಉಳಿದುಕೊಂಡನು. ಕದಲಿದವರು ಅಳಿಸಿಹೋದರು, ನಿಂತವನು ನಿಂತನು. ಯಂತ್ರವೇ ಕದಲಿದ್ದರೆ ಬೀದಿಯೂ ಉಳಿಯುತ್ತಿರಲಿಲ್ಲ.

ನಮ್ಮ ನಾಡಿನಲ್ಲಿಯೂ ಅಂತಹ ಕೆಲಸ ನಡೆದಿದೆ. ಲಿನೇಯಸ್ ಟ್ರೈಪ್ ಎಂಬ ಮದರಾಸು ಸೈನ್ಯದ ಅಧಿಕಾರಿ 1854ರ ಡಿಸೆಂಬರಿನಲ್ಲಿ ನಮ್ಮ ಹಾಸನದ ಸೀಮೆಗೆ ಬಂದು ಹಳೇಬೀಡು ಬೇಲೂರುಗಳ ದೇವಾಲಯಗಳ ಚಿತ್ರ ತೆಗೆದನು; ಮುಂದೆ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡನು. 1858ರಲ್ಲಿ ಅವನು ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಹೋದಾಗ, ಅದರ ಅಧಿಷ್ಠಾನದ ಉದ್ದಕ್ಕೂ ಕೊರೆದ ಶಾಸನವನ್ನು ಚಿತ್ರದಲ್ಲಿ ಹಿಡಿಯಬೇಕೆಂದು ಮನಸ್ಸು ಮಾಡಿದನು. ಉದ್ದವಾದ ಗೋಡೆ ಒಂದು ಚಿತ್ರಕ್ಕೆ ಹಿಡಿಸುವುದೆಲ್ಲಿ? ಯಂತ್ರವನ್ನು ಗೋಡೆಗೆ ಸಮನಾಗಿ ಸ್ವಲ್ಪ ಸ್ವಲ್ಪವೇ ಸರಿಸುತ್ತ ಒಂದಾದ ಮೇಲೊಂದು ಚಿತ್ರ ತೆಗೆದು, ಒಟ್ಟು 21 ಚಿತ್ರಗಳನ್ನು ಜೋಡಿಸಿ 19 ಅಡಿ ಉದ್ದದ ಒಂದೇ ಸುರುಳಿಯಾಗಿ ಮಾಡಿದನು. ಒಂದೊಂದು ಸಲವೂ ಯಂತ್ರದ ಎತ್ತರ, ದೂರ, ಮಟ್ಟ ಒಂದೇ ಆಗಿರದಿದ್ದರೆ ಅಕ್ಷರದ ಸಾಲುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಕೈಯಿಂದ ಆಗುವ ಕೆಲಸವಲ್ಲ ಇದು. ಟ್ರೈಪ್ ಎಂಬ ಹೆಸರಿಗೂ ಟ್ರೈಪಾಡಿಗೂ ಸಂಬಂಧವೇನೂ ಇಲ್ಲ, ಆದರೂ ನಮಗೆ ಅದು ನೆನಪಿನಲ್ಲಿಡಲು ಅನುಕೂಲವಾಯಿತು! 1888ರಲ್ಲಿ ಕೊಡಕ್ ಪೆಟ್ಟಿಗೆ ಬಂದ ಮೇಲೆ ಕ್ಯಾಮರಾ ಜನಸಾಮಾನ್ಯರ ಕೈಗೆ ಬಂದಿತು. ಕಾಲುಗಳು ಮೂಲೆ ಸೇರಿದವು.

ಟ್ರೈಪಾಡ್ ಎಂದರೆ ಮೂರು ಕಾಲಿನದು. ಕನ್ನಡದಲ್ಲಿ ಮುಕ್ಕಾಲಿ ಎಂಬ ಹಳೆಯ ಮಾತಿದೆ. ನೆರೆಹೊರೆಯ ತಮಿಳರೂ ಮೂರು ಕಾಲಿನ ಮಣೆಗೆ ಅದೇ ಮಾತನ್ನು ಬಳಸುತ್ತಾರೆ. ಆದುದರಿಂದ ಮುಕ್ಕಾಲಿ ಎಂದೇ ಕರೆಯೋಣ. ಅಂಗಡಿಯಲ್ಲಿ ಮಾತ್ರ ‘ಟ್ರೈಪಾಡ್’ ಎಂದೋ ‘ಸ್ಟ್ಯಾಂಡ್’ ಎಂದೋ ಕೇಳಿರಿ, ಇಲ್ಲವಾದರೆ ಕೂರುವ ಮಣೆಯನ್ನು ತಂದುಕೊಟ್ಟಾರು. ಕಾಲು ಮೂರೇ ಏಕೆ? ಹಳ್ಳಿಯಲ್ಲಿ ಬಯಲಿನಲ್ಲಿ ಅಡಿಗೆ ಮಾಡುವವರು ಮೂರು ಕಲ್ಲಿಟ್ಟು ಒಲೆ ಹೂಡುವುದನ್ನು ನೀವು ನೋಡಿದ್ದೀರಿ. ನೆಲ ಎಷ್ಟೇ ತಗ್ಗುದಿಣ್ಣೆಯಾಗಿದ್ದರೂ ಮೂರು ಕಲ್ಲಿನ ಮೇಲೆ ಮಡಕೆ ಅಲುಗದೆ ಕೂರುತ್ತದೆ. ನಾಲ್ಕನೆಯ ಕಲ್ಲಿಟ್ಟರೆ ನಾಲ್ಕೂ ಸರಿಸಮನಾಗಿರಬೇಕು. ಇಲ್ಲವಾದರೆ ಒಂದು ಸುಮ್ಮನೆ ನೋಡುತ್ತ ಕುಳಿತಿರುತ್ತದೆ, ಮಡಕೆ ತೂಗಾಡುತ್ತದೆ. ಯಾವುದೇ ಮೂರು ಬಿಂದುಗಳ ಮೂಲಕ ಒಂದು ಸಮತಲ ಹಾಯುತ್ತದೆಂದು ರೇಖಾಗಣಿತದಲ್ಲಿ ಓದುವಾಗ ಈ ಒಲೆಯನ್ನು ನೆನೆಯಿರಿ.

ಈಗ ಮುಕ್ಕಾಲಿಯನ್ನು ಆರಿಸುವ ಮಾತು. ಇಂದು ಅನೇಕರ ಮನೆಯಲ್ಲಿ ಕಾಂಪ್ಯಾಕ್ಟ್ ಕ್ಯಾಮರಾ, ಎಂದರೆ ಜೇಬಿನಲ್ಲಿ ಹಿಡಿಸುವ ಪುಟ್ಟ ಕ್ಯಾಮರಾ, ಬೀರುವಿನೊಳಗೆ ಮಲಗಿದೆ. ಮೊಬೈಲು ಅದರ ಜಾಗವನ್ನು ಕಸಿದುಕೊಂಡಿದೆ. ಅದನ್ನು ಹೊರತೆಗೆದು ತಳವನ್ನು ತಿರುಗಿಸಿ ನೋಡಿರಿ. ಅಲ್ಲೊಂದು ತಿರುಪಿನ ರಂಧ್ರವಿರುತ್ತದೆ. ಅದರ ಅಳತೆ ಕಾಲು ಅಂಗುಲ. ಒಂದು ಅಂಗುಲಕ್ಕೆ 20 ಸುತ್ತು. ಜಪಾನಿನ ಕ್ಯಾಮರಾ ಆಗಲಿ ಜರ್ಮನಿಯದಾಗಲಿ ಈ ಅಳತೆ ಬದಲಾಗುವುದಿಲ್ಲ. ಜಗತ್ತಿನಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಸಂಗತಿಗಳು ಬಹಳವಿಲ್ಲ, ಇದೊಂದು. ಮೊಬೈಲಿನಲ್ಲಿ ಈ ರಂಧ್ರವಿಲ್ಲದುದರಿಂದ ಅದಕ್ಕೆ ಹಿಡಿಕೆಯೊಂದನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ.

ಪುಟ್ಟ ಕ್ಯಾಮರಾದ ತೂಕ ಸುಮಾರು 150ರಿಂದ 300 ಗ್ರಾಮು. ಇಷ್ಟು ಹಗುರವಾದುದಕ್ಕೆ ಮದುವೆ ಮನೆಯ ಛಾಯಾಗ್ರಾಹಕರು ಹೊರುವಂತಹ ಭಾರಿ ಮುಕ್ಕಾಲಿ ಬೇಡ. ಹಾಗೆಂದು ಕೆಲವು ನೂರು ರೂಪಾಯಿಗೆ ಸಿಕ್ಕುವ, ಆಳೆತ್ತರ ಏರುವ, ಕೋಳಿಯ ಕಾಲಿನಷ್ಟು ಸಣ್ಣ ಕಾಲಿನದೂ ಬೇಡ. ನಾವು ಮೊದಲು ಕೊಂಡದ್ದು ಅಂತಹುದನ್ನೇ. ಅದರ ನಡುಗಂಬವನ್ನು ಪೂರ್ತಿ ಮೇಲೆತ್ತಿದರೆ ಫ್ಯಾನಿನ ಗಾಳಿಗೂ ಓಲಾಡುತ್ತಿತ್ತು. ಕೈಯಲ್ಲಿ ಹಿಡಿದಿದ್ದರೇ ಚೆನ್ನಾಗಿ ಬರುತ್ತಿತ್ತೋ ಏನೋ! ಅಂಗಡಿಗೆ ಹೋಗುವಾಗ ನಿಮ್ಮ ಕ್ಯಾಮರಾವನ್ನು ಜೊತೆಗೆ ಒಯ್ಯಿರಿ. ಮುಕ್ಕಾಲಿಯ ಕಾಲುಗಳನ್ನೆಲ್ಲ ಎಳೆದು ನಿಲ್ಲಿಸಿ, ಕ್ಯಾಮರಾವನ್ನು ತಿರುಪಿ, ಜೂಮನ್ನು ಚಾಚಿ, ತಲೆಯ ಭಾಗವನ್ನು ಬೆರಳಿನಿಂದ ಮೆಲ್ಲನೆ ತಟ್ಟಿ ಪರದೆಯನ್ನು ನೋಡಿರಿ. ಚಿತ್ರವು ಒಂದೆರಡು ಸೆಕೆಂಡಿನಲ್ಲಿ ನಿಂತರೆ ಸರಿ; ಐದಾರು ಸೆಕೆಂಡು ತೂಗುತ್ತಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ಆಮೇಲೆ ತಲೆಯನ್ನು ಕೆಳಕ್ಕೆ ಒತ್ತಿ, ಕಾಲಿನ ಕೀಲುಗಳು ಜಾರುವುದಿಲ್ಲವೆಂದು ಖಚಿತ ಮಾಡಿಕೊಳ್ಳಿರಿ. ಅಂಗಡಿಯವರು ಮುಖ ಗಂಟಿಕ್ಕಿಕೊಂಡರೆ ಇಕ್ಕಿಕೊಳ್ಳಲಿ, ಹಣ ನಿಮ್ಮದು.

ಎತ್ತರದ ವಿಷಯದಲ್ಲಿ ದುರಾಸೆ ಬೇಡ. ಹಳೆಯ ಕ್ಯಾಮರಾಗಳಿಗೆ ಕಣ್ಣಿಟ್ಟು ನೋಡಬೇಕಾಗಿತ್ತು. ಇದಕ್ಕೆ ಹಿಂದೆ ಪರದೆಯಿದೆ. ಎದೆಯ ಮಟ್ಟಕ್ಕೆ ಬಂದರೆ ಧಾರಾಳವಾಯಿತು. ಅದೇ ಬೆಲೆಗೆ ಕುಳ್ಳನೆಯ ಗಟ್ಟಿ ಕಾಲು ಸಿಕ್ಕುವುದಾದರೆ ಕುಳ್ಳನೆಯದೇ ಮೇಲು. ಗೇಣುದ್ದದ ಮೇಜಿನ ಮುಕ್ಕಾಲಿಯೂ ಉಂಟು; ಅದು ಶಾಲೆಯ ಚೀಲದಲ್ಲಿ ಕಂಪಾಸು ಪೆಟ್ಟಿಗೆಯ ಪಕ್ಕದಲ್ಲಿ ಹಿಡಿಸುತ್ತದೆ. ಬೆಂಚು, ಕಟ್ಟೆ, ಕಾಂಪೌಂಡು ಗೋಡೆ ಯಾವುದಾದರೂ ಸಿಕ್ಕಿದರೆ ಅದರ ಮೇಲಿಟ್ಟು ಕೆಲಸ ಮಾಡಬಹುದು. ಬೇಕಾದಂತೆ ಬಾಗುವ ಗಂಟು ಗಂಟಿನ ಕಾಲುಗಳದೂ ಇದೆ; ಕೋತಿಯಂತೆ ಕಿಟಕಿಯ ಸರಳಿಗೆ ತಬ್ಬಿಕೊಳ್ಳುತ್ತದೆ. ನಮ್ಮನ್ನು ಕೇಳಿದರೆ, ಪುಟ್ಟ ಕ್ಯಾಮರಾ ಇರುವ ವಿದ್ಯಾರ್ಥಿಗೆ ಮೊದಲ ಮುಕ್ಕಾಲಿ ಮೇಜಿನದೇ ಇರಲಿ. ಮನೆಯ ಮೂಲೆಯಲ್ಲಿ ಬಿಟ್ಟು ಬಂದ ಮುಕ್ಕಾಲಿ ಎಷ್ಟು ಗಟ್ಟಿಯಾದರೇನು?

ಇನ್ನೊಂದು ಸಣ್ಣ ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹಲವು ಪುಟ್ಟ ಕ್ಯಾಮರಾಗಳಲ್ಲಿ ತಿರುಪಿನ ರಂಧ್ರವು ನಡುವೆ ಇರದೆ ಒಂದು ಪಕ್ಕಕ್ಕೆ, ಬ್ಯಾಟರಿಯ ಬಾಗಿಲಿಗೆ ಅಂಟಿಕೊಂಡಂತೆ ಇರುತ್ತದೆ. ಮುಕ್ಕಾಲಿಯ ಮೇಲೆ ಕೂರಿಸಿದ ಮೇಲೆ ಆ ಬಾಗಿಲು ತೆರೆಯುವುದಿಲ್ಲ. ಆದುದರಿಂದ ಬ್ಯಾಟರಿ ತುಂಬಿದೆಯೇ, ಮೆಮೊರಿ ಕಾರ್ಡಿನಲ್ಲಿ ಜಾಗವಿದೆಯೇ ಎಂದು ಮೊದಲೇ ನೋಡಿಕೊಳ್ಳಿರಿ. ಕೆಲವದರಲ್ಲಿ ಆ ರಂಧ್ರವೂ ಪ್ಲಾಸ್ಟಿಕ್ಕಿನದು. ಶಕ್ತಿ ಪ್ರದರ್ಶನ ಮಾಡಿದರೆ ಎಳೆ ಸವೆದುಹೋಗುತ್ತದೆ. ಬೆರಳ ತುದಿಯ ಬಿಗಿ ಸಾಕು.

ಕೊಂಡದ್ದಾಯಿತು, ಬಳಸುವುದು ಹೇಗೆ? ಮೊದಲು ದಪ್ಪ ಕಾಲಿನ ತುಂಡನ್ನು ಎಳೆಯಿರಿ, ಸಾಲದಿದ್ದರೆ ಮಾತ್ರ ಸಣ್ಣದನ್ನು. ನಡುಗಂಬವನ್ನು ಎತ್ತುವುದು ಕಟ್ಟಕಡೆಗೆ. ಒಂದು ಕಾಲು ಚಿತ್ರದ ವಸ್ತುವಿನ ಕಡೆಗೆ ಚಾಚಿರಲಿ. ಆಗ ಉಳಿದೆರಡು ಕಾಲುಗಳ ನಡುವೆ ನೀವು ನಿಲ್ಲಲು ಜಾಗವಿರುತ್ತದೆ, ಎಡವಿ ಬೀಳಿಸುವುದೂ ತಪ್ಪುತ್ತದೆ. ಇಳಿಜಾರಾಗಿದ್ದರೆ ಎರಡು ಕಾಲು ತಗ್ಗಿನ ಕಡೆಗಿರಲಿ. ಗಾಳಿಯಿದ್ದರೆ ನಿಮ್ಮ ಪುಸ್ತಕದ ಚೀಲವನ್ನು ನಡುಗಂಬಕ್ಕೆ ತೂಗುಹಾಕಿರಿ. ವರ್ಷವಿಡೀ ನಿಮ್ಮ ಬೆನ್ನನ್ನು ಬಾಗಿಸುವ ಆ ಭಾರ ಒಂದು ದಿನವಾದರೂ ಉಪಕಾರಕ್ಕೆ ಬರಲಿ.

ಇಷ್ಟೆಲ್ಲ ಮಾಡಿ ಬೆರಳಿನಿಂದ ಗುಂಡಿಯನ್ನು ಕುಕ್ಕಿದರೆ ಮಾಡಿದ್ದೆಲ್ಲ ವ್ಯರ್ಥ. ಕ್ಯಾಮರಾ ಹಗುರವಾದಷ್ಟೂ ಬೆರಳಿನ ಪೆಟ್ಟು ಅದಕ್ಕೆ ಹೆಚ್ಚು ತಟ್ಟುತ್ತದೆ. ಇದಕ್ಕೆ ಮದ್ದು ಕ್ಯಾಮರಾದಲ್ಲಿಯೇ ಇದೆ. ತಾನಾಗಿ ಚಿತ್ರ ತೆಗೆಯುವ ಟೈಮರನ್ನು 2 ಸೆಕೆಂಡಿಗೆ ಇಟ್ಟು, ಗುಂಡಿಯೊತ್ತಿ, ಕೈ ತೆಗೆಯಿರಿ. ಆ ಎರಡು ಸೆಕೆಂಡಿನಲ್ಲಿ ನಡುಕವೆಲ್ಲ ಇಂಗುತ್ತದೆ. ಫ್ಲಾಷನ್ನು ಆರಿಸಿರಿ. ನಡುಕ ತಡೆಯುವ ಏರ್ಪಾಟನ್ನೂ ನಿಲ್ಲಿಸಿರಿ. ಹಲವು ಕ್ಯಾಮರಾಗಳಲ್ಲಿ ಅದು ಇಲ್ಲದ ನಡುಕವನ್ನು ಹುಡುಕಹೊರಟು ತಾನೇ ಚಿತ್ರವನ್ನು ಕದಡುವುದುಂಟು. ಐ.ಎಸ್.ಒ. ಎಂಬ ಅಂಕಿಯನ್ನು 80ಕ್ಕೋ 100ಕ್ಕೋ ಇಳಿಸಿರಿ. ಪುಟ್ಟ ಕ್ಯಾಮರಾದಲ್ಲಿ ಬೆಳಕನ್ನು ಹಿಡಿಯುವ ಫಲಕವು ಸಾಮಾನ್ಯವಾಗಿ 6 ಮಿಲಿಮೀಟರು ಅಗಲ, ನಾಲ್ಕೂವರೆ ಮಿಲಿಮೀಟರು ಎತ್ತರ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟು ಸಣ್ಣ ಫಲಕವನ್ನು ಕತ್ತಲೆಯಲ್ಲಿ ಅವಸರಪಡಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುತ್ತದೆ. ಮುಕ್ಕಾಲಿಯ ಮೇಲೆ ಕುಳಿತ ಕ್ಯಾಮರಾಕ್ಕೆ ಅವಸರವೇಕೆ? ಅರೆ ಸೆಕೆಂಡೋ ಒಂದು ಸೆಕೆಂಡೋ ಸಾವಧಾನವಾಗಿ ನೋಡಲಿ.

ಧನುರ್ಮಾಸದಲ್ಲಿ ವೆಸ್ಟ್ ಮಾಂಬಲದ ಬೀದಿಗಳನ್ನು ನೋಡಬೇಕಾದರೆ ಬೆಳಗಿನ ಐದೂವರೆಗೆ ಏಳಬೇಕು. ಅಯೋಧ್ಯಾ ಮಂಟಪದ ಸುತ್ತಣ ಬೀದಿಗಳಲ್ಲಿ, ಲೇಕ್ ವ್ಯೂ ರಸ್ತೆಯಲ್ಲಿ (ಕೆರೆ ಕಾಣಬೇಕಾದ ಈ ರಸ್ತೆಯಿಂದ ಈಗ ಕೆರೆ ಕಾಣುವುದಿಲ್ಲ, ಮಾಂಬಲದ ಆ ದೊಡ್ಡ ಕೆರೆಯನ್ನು 1920ರ ದಶಕದಲ್ಲಿ ಬತ್ತಿಸಿ ತ್ಯಾಗರಾಯನಗರವನ್ನು ಕಟ್ಟಿದರು) ಮನೆಮನೆಯ ಮುಂದೆ ಚುಕ್ಕಿಯ ರಂಗೋಲಿಗಳು ಅರಳಿರುತ್ತವೆ. ಸೂರ್ಯ ಬರುವ ಹೊತ್ತಿಗೆ ಸ್ಕೂಟರುಗಳು ಅವುಗಳ ಮೇಲೆ ಹಾದಿರುತ್ತವೆ. ಹಾಗಾಗಿ ಬೀದಿದೀಪದ ಬೆಳಕಿನಲ್ಲಿಯೇ ಚಿತ್ರ ತೆಗೆಯಬೇಕು. ಫ್ಲಾಷ್ ಹಾಕಿದರೆ ಹಿಟ್ಟಿನ ಗೆರೆಗಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಒದ್ದೆ ನೆಲದ ಮಿನುಗು ಹೊರಟುಹೋಗುತ್ತದೆ. ನಾವು ಕ್ಯಾಮರಾವನ್ನು ಮುಕ್ಕಾಲಿಯ ಮೇಲಿಟ್ಟು ಒಂದು ಸೆಕೆಂಡು ತೆರೆದೆವು. ಅದೇ ವೇಳೆಗೆ ಹಾಲಿನವನ ಸೈಕಲ್ಲು ಹಾದುಹೋಯಿತು. ಚಿತ್ರದಲ್ಲಿ ಸೈಕಲ್ಲು ಒಂದು ಮಸುಕು ಗೆರೆಯಾಗಿತ್ತು. ರಂಗೋಲಿಯ ಚುಕ್ಕಿಗಳು ಒಂದೂ ತಪ್ಪದೆ ಉಳಿದಿದ್ದವು. ದಾಗೇರ್ ಮಹಾಶಯನ ಬೀದಿಯೇ ನಮ್ಮ ಬೀದಿಗೆ ಬಂದಂತಾಯಿತು.

ಇದರಲ್ಲಿ ಒಂದು ಎಚ್ಚರಿಕೆಯೂ ಇದೆ. ಮುಕ್ಕಾಲಿಯು ಕ್ಯಾಮರಾದ ನಡುಕವನ್ನು ನಿಲ್ಲಿಸುತ್ತದೆಯೇ ಹೊರತು ಎದುರಿಗಿರುವವರ ಚಲನೆಯನ್ನಲ್ಲ. ದೀಪದ ಬೆಳಕಿನಲ್ಲಿ ಕುಣಿಯುವ ಮಗುವಿನ ಚಿತ್ರಕ್ಕೆ ಅದರಿಂದ ಪ್ರಯೋಜನವಿಲ್ಲ. ಆದರೆ ಸಾಲುದೀಪಕ್ಕೆ, ನವರಾತ್ರಿಯ ಬೊಂಬೆಗಳಿಗೆ, ಹಳೆಯ ಪುಸ್ತಕದ ಹಾಳೆಗಳಿಗೆ, ಸುಮ್ಮನೆ ನಿಲ್ಲಲು ಒಪ್ಪುವ ಮನುಷ್ಯರಿಗೆ ಅದು ಸಾಕು. ಟೈಮರನ್ನು 10 ಸೆಕೆಂಡಿಗೆ ಇಟ್ಟರೆ ಚಿತ್ರ ತೆಗೆಯುವವರೂ ಓಡಿಹೋಗಿ ಸಾಲಿನಲ್ಲಿ ನಿಲ್ಲಬಹುದು. ನಿಮ್ಮ ಮನೆಯ ಆಲ್ಬಮ್ಮನ್ನು ತೆರೆದು ನೋಡಿರಿ, ಯಾರೋ ಒಬ್ಬರು ಎಲ್ಲ ಚಿತ್ರಗಳಲ್ಲಿಯೂ ಇಲ್ಲದಿರುತ್ತಾರೆ. ಕ್ಯಾಮರಾ ಅವರ ಕೈಯಲ್ಲಿತ್ತು.

ಎಲ್ಲೆಡೆಯೂ ಮುಕ್ಕಾಲಿಯನ್ನು ಹೂಡುವಂತಿಲ್ಲ. ರೈಲು ನಿಲ್ದಾಣದಲ್ಲಿ ಅಪ್ಪಣೆಯಿಲ್ಲದೆ ಅದನ್ನು ಬಿಚ್ಚಬೇಡಿರಿ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿಯೂ ಮುಕ್ಕಾಲಿಗೆ ಪ್ರತ್ಯೇಕ ಅನುಮತಿ ಬೇಕು. ಪ್ರವಾಸದಲ್ಲಿ ಹಳೇಬೀಡಿಗೆ ಹೋದರೆ ಅದನ್ನು ಬಸ್ಸಿನಲ್ಲಿಯೇ ಬಿಡಬೇಕಾದೀತು. ಟ್ರೈಪನಿಗಿದ್ದ ಅನುಕೂಲ ನಮಗಿಲ್ಲ! ಅಂತಹ ಕಡೆಗೆ ಎರಡು ಉಪಾಯಗಳುಂಟು. ಗಟ್ಟಿ ಬಟ್ಟೆಯ ಅಂಗೈಯಗಲದ ಚೀಲವೊಂದನ್ನು ಹೊಲಿದು ಮುಕ್ಕಾಲು ಭಾಗ ರಾಗಿ ತುಂಬಿರಿ. ಹೊರಗಿನ ಕಟ್ಟೆಯ ಮೇಲೋ ಬೆಂಚಿನ ಮೇಲೋ ಅದನ್ನಿಟ್ಟು ಕ್ಯಾಮರಾವನ್ನು ಅದರೊಳಗೆ ಒತ್ತಿದರೆ ಗೂಡಿನಲ್ಲಿ ಮೊಟ್ಟೆಯಂತೆ ಕೂರುತ್ತದೆ. ಎರಡನೆಯದು ದಾರದ ಉಪಾಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಅಂಗುಲದ, ಅಂಗುಲಕ್ಕೆ 20 ಸುತ್ತಿನ ಬೋಲ್ಟೊಂದನ್ನು ಕೊಂಡು ಅದಕ್ಕೆ ಆಳುದ್ದದ ಗಟ್ಟಿ ದಾರ ಕಟ್ಟಿರಿ. ಬೋಲ್ಟನ್ನು ಕ್ಯಾಮರಾಕ್ಕೆ ಮೆಲ್ಲನೆ ತಿರುಪಿ, ದಾರದ ತುದಿಯನ್ನು ಕಾಲಿನಿಂದ ತುಳಿದು, ಕ್ಯಾಮರಾವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ. ಮೇಲೆ ಕೆಳಗೆ ಆಡುವ ನಡುಕ ಬಹುಮಟ್ಟಿಗೆ ನಿಲ್ಲುತ್ತದೆ. ಬೋಲ್ಟು ಐದು ಮಿಲಿಮೀಟರಿಗಿಂತ ಒಳಕ್ಕೆ ಹೋಗದಂತೆ ನಟ್ಟೊಂದನ್ನು ತಡೆಯಾಗಿ ಹಾಕಿರಿ, ಇಲ್ಲವಾದರೆ ಒಳಗಿನ ಭಾಗಗಳಿಗೆ ತಾಗೀತು.

ಮದರಾಸಿನವರಾದ ನಾವು ಮರೆಯಬಾರದ ಮಾತೊಂದಿದೆ. ಬೆಸೆಂಟ್ ನಗರದ ಮರಳಿನಲ್ಲಿ ಮುಕ್ಕಾಲಿಯನ್ನು ಊರಿ ಬಂದ ದಿನ ಒದ್ದೆ ಬಟ್ಟೆಯಿಂದ ಕಾಲುಗಳನ್ನು ಒರಸಿ, ಒಣಗಿಸಿ, ಆಮೇಲೆ ಮಡಚಬೇಕು. ಉಪ್ಪು ಮರಳು ಕೀಲಿನೊಳಗೆ ಸೇರಿದರೆ ಎರಡು ತಿಂಗಳಲ್ಲಿ ಕಾಲು ಹಿಡಿದುಕೊಳ್ಳುತ್ತದೆ. ನಮ್ಮ ಈಗಿನ ಮುಕ್ಕಾಲಿಯ ಒಂದು ಕಾಲು ಹಾಗೆಯೇ ಕುಂಟುತ್ತಿದೆ.

ಆ ಕುಂಟು ಮುಕ್ಕಾಲಿಯನ್ನೇ ಹೊತ್ತುಕೊಂಡು ಕಳೆದ ಬೇಸಗೆ ರಜೆಯಲ್ಲಿ ನಾವು ಹೊಸೂರಿಗೆ ಹೋಗಿದ್ದೆವು. ಆಯಮ್ಮನವರ ಮನೆಯನ್ನು ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಜಗಲಿಯ ಮೇಲೆ ಅವರನ್ನು ಕೂರಿಸಿ, ಒಳಗಿನ ಬಲ್ಬಿನ ಬೆಳಕು ಕೆನ್ನೆಗೆ ಬೀಳುವಂತೆ ಬಾಗಿಲನ್ನು ತೆರೆದಿಟ್ಟೆವು. ಜೂಮನ್ನು ಚಾಚದೆ, ಮುಕ್ಕಾಲಿಯನ್ನೇ ಹತ್ತಿರಕ್ಕೆ ಸರಿಸಿದೆವು. “ಒಂದು ಉಸಿರು ಹಿಡಿದು ಕೂತುಕೊಳ್ಳಿ ಆಯಮ್ಮ” ಎಂದು ಹೇಳಿ, ಟೈಮರನ್ನು ಒತ್ತಿ, ಹಿಂದಕ್ಕೆ ಸರಿದು ನಿಂತೆವು. ಕಾಲು ಸೆಕೆಂಡಿನ ಚಿತ್ರ. ಮುಖದ ಒಂದೊಂದು ಸುಕ್ಕೂ, ಮೂಗುಬೊಟ್ಟಿನ ಕಲ್ಲೂ, ಕಣ್ಣಿನೊಳಗಿನ ಬಲ್ಬಿನ ಚುಕ್ಕೆಯೂ ಅದರಲ್ಲಿ ಬಂದಿದ್ದವು. ಕಟ್ಟು ಹಾಕಿಸಿ ಕಳುಹಿಸಿದೆವು. ನಾಲ್ಕು ದಿನಗಳ ಮೇಲೆ ಅವರೇ ಮೊಮ್ಮಗನ ಮೊಬೈಲಿನಿಂದ ಮಾತನಾಡಿದರು.

“ಮೊಕ ಬಂತು ಬಿಡಿ ಮೇಷ್ಟ್ರೇ,” ಎಂದರು. ಸ್ವಲ್ಪ ಸುಮ್ಮನಿದ್ದು, “ಹಾರ ಎಲ್ಲೈತೆ?” ಎಂದು ಕೇಳಿದರು.